ಮೂಗು, ಕೂದಲು, ಹೊಟ್ಟೆ: ಈ ಬದಲಾವಣೆ ಯಾರಿಗೆ ಬೇಕಾಗಿದೆ?

ಸೌಂದರ್ಯ ಶಸ್ತ್ರಚಿಕಿತ್ಸೆಯ ಕುರಿತು ಉತ್ತರ ಕನ್ನಡ ಜಿಲ್ಲೆಯ ಓದುಗರು ಕಳುಹಿಸಿದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಹೆಸರುಗಳನ್ನು ಕೈಬಿಟ್ಟು, ಉದ್ದದ ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಹೆಚ್ಚಿನವರು ಖರ್ಚೆಷ್ಟು ಎಂದು ಕೇಳಿದ್ದಾರೆ. ಪ್ಲಾಸ್ಟಿಕ್ ಸರ್ಜನ್ ಆಗಿ ನಾನು ಮೊದಲು ಕೇಳುವ ಪ್ರಶ್ನೆ ಬೇರೆಯದಾದ್ದರಿಂದ, ಕೆಲವರಿಗೆ ಉತ್ತರ ರುಚಿಸದೇ ಹೋಗಬಹುದು.

ಪ್ರಶ್ನೆ: ನನ್ನ ಮಗಳಿಗೆ 25 ವರ್ಷ. ಎಂ.ಕಾಂ. ಮುಗಿಸಿ ಸಹಕಾರಿ ಸಂಘವೊಂದರಲ್ಲಿ ಕೆಲಸಕ್ಕಿದ್ದಾಳೆ. ಜಾತಕ ಕೂಡಿಬಂದ ಎರಡು ಸಂಬಂಧಗಳು ಫೋಟೊ ನೋಡಿದ ಮೇಲೆ ತಪ್ಪಿಹೋದವು. ಮೂಗು ಸ್ವಲ್ಪ ಅಗಲವಾಯಿತು ಎಂಬ ಮಾತು ಮಧ್ಯಸ್ಥರ ಮೂಲಕ ನಮ್ಮ ಕಿವಿಗೂ ಬಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೇಗೆ ಎಂದು ಮನೆಯಲ್ಲಿ ಮಾತು ನಡೆದಿದೆ. ಮಗಳು ಬೇಕೆಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ.
— ತಾಯಿ, ಅಂಕೋಲಾ

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ವರನ ಕಡೆಯವರ ಅಭಿಪ್ರಾಯವಿದೆ, ಮಧ್ಯಸ್ಥರ ಮಾತಿದೆ, ಮನೆಯವರ ಯೋಚನೆಯಿದೆ, ಮೂಗು ಯಾರದೋ ಅವಳ ಮಾತು ಮಾತ್ರ ಇಲ್ಲ. ಇಪ್ಪತ್ತೈದು ವರ್ಷದ ಹೆಣ್ಣುಮಗಳು ಬೇಕೆಂದು ಬಾಯಿಬಿಟ್ಟು ಹೇಳದ ಹೊರತು, ಜೀವಕ್ಕೆ ಅಗತ್ಯವಲ್ಲದ ಶಸ್ತ್ರಚಿಕಿತ್ಸೆಯೊಂದನ್ನು ಯಾವ ಒಳ್ಳೆಯ ಸರ್ಜನ್ನನೂ ಮಾಡಬಾರದು. ಅವಳು ಸುಮ್ಮನಿದ್ದಾಳೆ ಎಂಬುದನ್ನು ಒಪ್ಪಿಗೆಯೆಂದು ತಿಳಿಯುವ ರೂಢಿ ನಮ್ಮ ಮನೆಗಳಲ್ಲಿ ಮದುವೆಯ ವಿಷಯದಲ್ಲಿ ಮೊದಲಿನಿಂದಲೂ ಇದೆ. ಆಪರೇಷನ್ ಟೇಬಲ್ಲಿನ ತನಕ ಅದು ಬರುವುದು ಬೇಡ. ಇಂಥ ಸಂದರ್ಭಗಳಲ್ಲಿ ನಾನು ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಮದುವೆಯ ಮಾತೇ ಇಲ್ಲದಿದ್ದರೂ ಇದು ನಿನಗೆ ಬೇಕಿತ್ತೇ ಎಂದು ಕೇಳುತ್ತೇನೆ. ಹೈಸ್ಕೂಲಿನಿಂದಲೂ ಬೇಕಿತ್ತು ಎಂದು ತಡವರಿಸದೆ ಹೇಳುವವರಿದ್ದಾರೆ. ಅಮ್ಮ ಹೇಳಿದರೆಂದು ಬಂದೆ ಎನ್ನುವವರೂ ಇದ್ದಾರೆ. ಎರಡನೆಯವರಿಗೆ ನಾನು ದಿನಾಂಕ ಕೊಡುವುದಿಲ್ಲ.

ಇದು ನನ್ನೊಬ್ಬನ ಹಟವಲ್ಲ. 1960ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮಿಲ್ಟನ್ ಎಡ್ಜರ್ಟನ್ ಎಂಬ ಪ್ಲಾಸ್ಟಿಕ್ ಸರ್ಜನ್ ಮನೋವೈದ್ಯರನ್ನು ಜೊತೆಗಿಟ್ಟುಕೊಂಡು ಇಂಥ ರೋಗಿಗಳನ್ನು ಅಭ್ಯಸಿಸಿದ್ದರು. ತನ್ನ ದೇಹದ ಬಗ್ಗೆ ತನ್ನೊಳಗೇ ಬಹಳ ಕಾಲದಿಂದ ಇರುವ ಅಸಮಾಧಾನ ಒಂದು ಬಗೆಯ ಕಾರಣ. ಗಂಡ ತಿರುಗಿ ಬರಲಿ, ನೌಕರಿ ಸಿಗಲಿ, ಸಂಬಂಧ ಕುದುರಲಿ ಎಂದು ಬೇರೆಯವರ ವರ್ತನೆಯನ್ನು ಬದಲಿಸುವ ಆಸೆ ಇನ್ನೊಂದು ಬಗೆಯದು. ಮೊದಲನೆಯದರಲ್ಲಿ ಫಲಿತಾಂಶದ ಬಗ್ಗೆ ತೃಪ್ತಿ ಸಿಗುವ ಸಾಧ್ಯತೆ ಹೆಚ್ಚು, ಎರಡನೆಯದರಲ್ಲಿ ಕಡಿಮೆ ಎಂಬುದನ್ನು ನಂತರದ ಸರ್ಜನ್ನರೂ ಒಪ್ಪಿಕೊಂಡು ಬಂದಿದ್ದಾರೆ. ಮೂಗು ನಾವೆಣಿಸಿದಂತೆಯೇ ಆದರೂ ಮೂರನೆಯ ಸಂಬಂಧ ಬೇರೆ ಯಾವುದೋ ಕಾರಣಕ್ಕೆ ತಪ್ಪಬಹುದಲ್ಲವೇ? ಆಗ ನಿಮ್ಮ ಮಗಳಿಗೆ ಹೊಸ ಮೂಗೂ ಬೇಡವೆನಿಸುತ್ತದೆ.

ಅದಕ್ಕೂ ಮೊದಲು ಖರ್ಚಿಲ್ಲದ ಕೆಲಸವೊಂದನ್ನು ಮಾಡಿ. ಕಳುಹಿಸಿದ ಫೋಟೊ ಅವಳೇ ಮೊಬೈಲಿನಲ್ಲಿ ತೆಗೆದುಕೊಂಡದ್ದೇ ಎಂದು ವಿಚಾರಿಸಿ. ಮುಖದಿಂದ ಒಂದು ಅಡಿ ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗು, ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ತೋರಿಸಿತು. ಹತ್ತಿರವಿರುವ ವಸ್ತು ದೊಡ್ಡದಾಗಿ ಕಾಣುತ್ತದೆ, ಮುಖದಲ್ಲಿ ಕ್ಯಾಮೆರಾಕ್ಕೆ ಅತಿ ಹತ್ತಿರವಿರುವುದು ಮೂಗು, ಅಷ್ಟೇ. ಸ್ಟುಡಿಯೊದಲ್ಲಿ ಸರಿಯಾದ ದೂರದಿಂದ ಒಂದು ಫೋಟೊ ತೆಗೆಸಿ ನೋಡಿ.

ಇಷ್ಟಾದ ಮೇಲೂ ಅವಳೇ ಬೇಕೆಂದರೆ, ಅವಳಿಗೆ ತಿಳಿದಿರಬೇಕಾದ ಸಂಗತಿಗಳಿವೆ. ಹೊಳ್ಳೆಗಳ ಬುಡದಲ್ಲಿ ಚಿಕ್ಕ ತುಂಡನ್ನು ತೆಗೆದು ಅಗಲ ಕಡಿಮೆ ಮಾಡಬಹುದು, ತುದಿಯ ಮೃದ್ವಸ್ಥಿಯನ್ನು ಹೊಲಿದು ಚೂಪು ಮಾಡಬಹುದು; ಆದರೆ ನಮ್ಮವರಲ್ಲಿ ಅನೇಕರ ಮೂಗಿನ ಚರ್ಮ ದಪ್ಪ, ಒಳಗೆ ಎಷ್ಟೇ ನಾಜೂಕಾಗಿ ಕೆತ್ತಿದರೂ ಹೊರಗೆ ಅಷ್ಟೇ ನಾಜೂಕಾಗಿ ಕಾಣುವುದಿಲ್ಲ. ತುದಿಯ ಬಾವು ಪೂರ್ತಿ ಇಳಿಯಲು ಒಂದು ವರ್ಷ ಬೇಕು. ಕೆಲವರಿಗೆ ಎರಡನೆಯ ಸಲ ಸರಿಪಡಿಸಬೇಕಾಗುತ್ತದೆ. ಮೂಗುಬೊಟ್ಟನ್ನು ಮುಂಚೆಯೇ ತೆಗೆಯಬೇಕು, ಗಾಯ ಮಾಗುವ ತನಕ ಹಾಕುವಂತಿಲ್ಲ. ಬರುವ ವೈಶಾಖದ ಮುಹೂರ್ತದ ಲೆಕ್ಕ ಹಾಕಿಕೊಂಡು ಮಾಡಿಸುವ ಶಸ್ತ್ರಚಿಕಿತ್ಸೆ ಇದಲ್ಲ.

ಪ್ರಶ್ನೆ: ನನಗೆ 34 ವರ್ಷ. ಎರಡು ಎಕರೆ ಅಡಿಕೆ ತೋಟವಿದೆ, ಮನೆ ಚೆನ್ನಾಗಿದೆ, ಸಾಲವಿಲ್ಲ. ಹೆಣ್ಣು ಸಿಗುತ್ತಿಲ್ಲ. ಮುಂದಲೆಯ ಕೂದಲು ಉದುರಿದ್ದರಿಂದ ವಯಸ್ಸಾದಂತೆ ಕಾಣುತ್ತೇನೆ ಎಂದು ಅಕ್ಕ ಹೇಳುತ್ತಾಳೆ. ಕೂದಲು ಕಸಿ ಮಾಡಿಸಲು ಪೇಟೆಯ ಸಲೂನೊಂದರವರು ಪ್ಯಾಕೇಜ್ ಹೇಳಿದ್ದಾರೆ. ಇನ್ನೆರಡು ತಿಂಗಳಲ್ಲಿ ಒಂದು ಕಡೆ ಹೆಣ್ಣು ನೋಡಲು ಹೋಗುವುದಿದೆ.
— ಓದುಗ, ಶಿರಸಿ ತಾಲೂಕು

ಉತ್ತರ: ಘಟ್ಟದ ಮೇಲೆ ತೋಟದ ಮನೆಯ ಹುಡುಗರಿಗೆ ಹೆಣ್ಣು ಸಿಗದಿರುವುದಕ್ಕೆ ಕಾರಣಗಳು ಯಾವುವೆಂದು ನನಗಿಂತ ನಿಮಗೇ ಹೆಚ್ಚು ಗೊತ್ತು. ತಲೆತುಂಬ ಕೂದಲಿದ್ದವರೂ ನಿಮ್ಮ ಊರಿನಲ್ಲಿ ಮದುವೆಯಾಗದೆ ಕುಳಿತಿದ್ದಾರೆ ಎಂಬುದನ್ನು ಅಕ್ಕನಿಗೆ ನೆನಪಿಸಿ. ಹಾಗೆಂದು ಕೂದಲು ಬೇಕೆನಿಸುವುದು ತಪ್ಪಲ್ಲ. ಕನ್ನಡಿ ನೋಡಿಕೊಂಡಾಗ ನಿಮಗೇ ಕಿರಿಕಿರಿಯಾಗುತ್ತಿದ್ದರೆ ಅಷ್ಟು ಕಾರಣ ನನಗೆ ಸಾಕು.

ಆದರೆ ಎರಡು ತಿಂಗಳ ಲೆಕ್ಕ ಪೂರ್ತಿ ತಪ್ಪು. ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರುತ್ತದೆ. ಬುಡ ಒಳಗೆ ಉಳಿದಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಹೊಸದು ತಲೆಯೆತ್ತಲು ಆರಂಭಿಸಿ, ಪೂರ್ಣ ಫಲಿತಾಂಶ ಕಾಣಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ನೀವು ಹೆಣ್ಣು ನೋಡಲು ಹೋಗುವ ದಿನ ಈಗಿರುವುದಕ್ಕಿಂತ ಕೆಟ್ಟದಾಗಿ ಕಾಣುವಿರಿ.

ಇನ್ನು ಸಲೂನಿನ ಪ್ಯಾಕೇಜು. ಇದು ಶಸ್ತ್ರಚಿಕಿತ್ಸೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪಡೆದವರು, ಇಲ್ಲವೇ ಇದರಲ್ಲಿ ತರಬೇತಿ ಹೊಂದಿದ ಚರ್ಮರೋಗ ತಜ್ಞರು ಮಾಡಬೇಕಾದ ಕೆಲಸ. ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಮರಗಟ್ಟಿಸುವ ಔಷಧಿಯ ಪ್ರಮಾಣ ಮೀರಿದರೆ ಫಿಟ್ಸ್ ಬಂದು ಹೃದಯ ನಿಲ್ಲುವ ಅಪಾಯವಿದೆ, ಅದನ್ನು ನಿಭಾಯಿಸುವ ಸಲಕರಣೆ ಸಲೂನಿನಲ್ಲಿ ಇರುವುದಿಲ್ಲ. ತಜ್ಞರಲ್ಲಿಗೆ ಹೋಗುವಾಗ ನಿಮ್ಮ ತಂದೆಯ ಮತ್ತು ಸೋದರಮಾವನ ಫೋಟೊ ಒಯ್ಯಿರಿ. ಬೋಳು ಎಲ್ಲಿಯ ತನಕ ಹೋಗಬಹುದು ಎಂಬ ಅಂದಾಜು ಅದರಿಂದ ಸಿಗುತ್ತದೆ. ಹದಿನೆಂಟರ ಹುಡುಗನಂತೆ ಕೆಳಗೆ ಇಳಿಸಿದ ಮುಂದಲೆ ಕೇಳಬೇಡಿ. ನೆಡುವ ಕೂದಲನ್ನು ತೆಗೆಯುವುದು ಹಿಂದಲೆಯಿಂದ, ಅಲ್ಲಿಯ ದಾಸ್ತಾನು ಸೀಮಿತ, ಇವತ್ತು ಮುಂದೆ ಖರ್ಚು ಮಾಡಿದ್ದು ನಾಳೆ ನೆತ್ತಿಗೆ ಉಳಿಯುವುದಿಲ್ಲ.

ಪ್ರಶ್ನೆ: ನಾನು 22 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ನನ್ನ ದವಡೆಯ ಎಡ ಮತ್ತು ಬಲ ಒಂದೇ ಸಮ ಇಲ್ಲ. ಎರಡು ಸಲ ಬೇರೆ ಬೇರೆ ಕಡೆ ಫಿಲ್ಲರ್ (ಚರ್ಮದಡಿ ತುಂಬುವ ಚುಚ್ಚುಮದ್ದು) ಹಾಕಿಸಿದೆ, ಸರಿಯಾಗಲಿಲ್ಲ. ಮೂರನೆಯ ವೈದ್ಯರು ನನಗೆ ವ್ಯತ್ಯಾಸವೇ ಕಾಣುತ್ತಿಲ್ಲ ಎಂದು ಹೇಳಿ, ಮನೋವೈದ್ಯರನ್ನು ನೋಡಲು ಚೀಟಿ ಬರೆದುಕೊಟ್ಟರು. ಹಣ ಕೊಡಲು ಸಿದ್ಧನಿರುವಾಗ ಹೀಗೆ ಅವಮಾನಿಸಬಹುದೇ? ಇದೇ ಚಿಂತೆಯಲ್ಲಿ ಕಾಲೇಜಿಗೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ.
— ಓದುಗ, ಕಾರವಾರ

ಉತ್ತರ: ನೀವು ಭೇಟಿಯಾದ ಮೂವರಲ್ಲಿ ನಿಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡವರು ಆ ಮೂರನೆಯವರೇ ಎಂದು ನನಗನ್ನಿಸುತ್ತದೆ. ಯಾರ ಮುಖದ ಎರಡು ಬದಿಗಳೂ ಅಚ್ಚುಹಾಕಿದಂತೆ ಒಂದೇ ಸಮ ಇರುವುದಿಲ್ಲ. ನಮ್ಮ ವೃತ್ತಿಯಲ್ಲಿ ಮಾರ್ಕ್ ಗಾರ್ನಿ ಎಂಬ ಸರ್ಜನ್ ಹಾಕಿಕೊಟ್ಟ ಸರಳ ನಕ್ಷೆಯೊಂದಿದೆ: ಒಂದು ರೇಖೆಯಲ್ಲಿ ದೋಷದ ಗಾತ್ರ, ಇನ್ನೊಂದರಲ್ಲಿ ರೋಗಿಯ ಚಿಂತೆಯ ಗಾತ್ರ. ದೋಷ ದೊಡ್ಡದಾಗಿ ಚಿಂತೆ ಅದಕ್ಕೆ ತಕ್ಕಷ್ಟಿದ್ದರೆ ಶಸ್ತ್ರಚಿಕಿತ್ಸೆ ಫಲ ಕೊಡುತ್ತದೆ. ದೋಷ ಬಹಳ ಚಿಕ್ಕದಾಗಿ ಚಿಂತೆ ಬಹಳ ದೊಡ್ಡದಾಗಿದ್ದರೆ ಕತ್ತಿಯನ್ನು ಕೆಳಗಿಡಬೇಕು, ಏಕೆಂದರೆ ಅಲ್ಲಿ ಎಷ್ಟು ತಿದ್ದಿದರೂ ಚಿಂತೆ ಅಲ್ಲಿಯೇ ಉಳಿಯುತ್ತದೆ ಅಥವಾ ಬೇರೆ ಅಂಗಕ್ಕೆ ಹೋಗಿ ಕೂರುತ್ತದೆ.

ಇತರರಿಗೆ ಕಾಣದ ಅಥವಾ ಅಲ್ಪವಾದ ಕುಂದಿನ ಬಗ್ಗೆ ದಿನವೂ ಗಂಟೆಗಟ್ಟಲೆ ಯೋಚಿಸುವುದು, ಕನ್ನಡಿಯ ಮುಂದೆ ಪದೇ ಪದೇ ಪರೀಕ್ಷಿಸಿಕೊಳ್ಳುವುದು, ಜನರನ್ನು ತಪ್ಪಿಸಿಕೊಂಡು ತಿರುಗುವುದು, ಇವೆಲ್ಲ ಸೇರಿದ ಕಾಯಿಲೆಯನ್ನು ಇಟಲಿಯ ಮನೋವೈದ್ಯ ಎನ್ರಿಕೊ ಮೊರ್ಸೆಲ್ಲಿ ಕಾಲೇಜು ಸೆಲ್ಫಿಗಳ ಕಾಲಕ್ಕೆ ಬಹಳ ಮುಂಚೆ, 1891ರಲ್ಲೇ ವಿವರಿಸಿದ್ದರು. ಈಗ ಇದನ್ನು ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಎನ್ನುತ್ತಾರೆ. ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಇರುವ ಇದು, ಸೌಂದರ್ಯ ಚಿಕಿತ್ಸೆ ಕೇಳಿಕೊಂಡು ಬರುವವರಲ್ಲಿ ಅದಕ್ಕಿಂತ ಹೆಚ್ಚು. ನಿಮಗೆ ಇದೇ ಇದೆಯೆಂದು ಪತ್ರ ಓದಿ ಹೇಳಲಾರೆ. ಆದರೆ ಎರಡು ಫಿಲ್ಲರ್‌ಗಳು ಮತ್ತು ತಪ್ಪಿಸಿದ ತರಗತಿಗಳನ್ನು ಒಟ್ಟಿಗೆ ನೋಡಿದರೆ ಪರೀಕ್ಷೆ ಮಾಡಿಸಲೇಬೇಕು. ಇದಕ್ಕೆ ಔಷಧವಿದೆ, ಯೋಚನಾಕ್ರಮವನ್ನು ತಿದ್ದುವ ಮಾತಿನ ಚಿಕಿತ್ಸೆಯಿದೆ, ಗುಣವಾದವರಿದ್ದಾರೆ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ತೋರಿಸಿ. ಮೊದಲು ಫೋನಿನಲ್ಲಿ ಮಾತಾಡುವುದಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮತ್ತೊಂದು ಫಿಲ್ಲರ್ ಮಾತ್ರ ಸದ್ಯಕ್ಕೆ ಬೇಡ. ಸೂಜಿ ರಕ್ತನಾಳಕ್ಕೆ ತಗುಲಿದರೆ ಚರ್ಮ ಕೊಳೆಯುವ, ಅಪರೂಪಕ್ಕೆ ಕಣ್ಣು ಹೋಗುವ ಅಪಾಯ ಅದರಲ್ಲಿದೆ.

ಪ್ರಶ್ನೆ: ನಾನು 51 ವರ್ಷದ ಶಿಕ್ಷಕಿ. ಎರಡೂ ಹೆರಿಗೆ ಸಿಸೇರಿಯನ್. ಹೊಟ್ಟೆಯ ಚರ್ಮ ಜೋತುಬಿದ್ದಿದೆ. ಮಳೆಗಾಲ ಬಂತೆಂದರೆ ಮಡಿಕೆಯೊಳಗೆ ಬೆವರು ನಿಂತು ತುರಿಕೆ, ವಾಸನೆ, ಹುಣ್ಣು. ಮುಲಾಮು ಹಚ್ಚಿ ಸಾಕಾಗಿದೆ. ನಿಜ ಹೇಳಬೇಕೆಂದರೆ ಸೀರೆ ಉಟ್ಟಾಗ ಚೆನ್ನಾಗಿ ಕಾಣಬೇಕೆಂಬ ಆಸೆಯೂ ಇದೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ಅವರ ಬೆಂಬಲವಿದೆ. ಯಜಮಾನರು ಮಾತ್ರ, ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲಿಕ್ಕೆ ಎನ್ನುತ್ತಾರೆ. ಕೊಬ್ಬು ಹೀರಿ ತೆಗೆಸಿದರೆ ಸಾಕೇ?
— ಓದುಗರು, ಕುಮಟಾ

ಉತ್ತರ: ಟೀಚರ್, ಈ ಸಂಚಿಕೆಯ ಪತ್ರಗಳಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ನಿಮ್ಮದು. ಏನು ತೊಂದರೆ, ಎಷ್ಟು ಕಾಲದಿಂದ, ಏನು ಆಗಬೇಕು ಎಂಬ ಮೂರನ್ನೂ ನೀವೇ ಹೇಳಿದ್ದೀರಿ. ಚೆನ್ನಾಗಿ ಕಾಣುವ ಆಸೆಯನ್ನು ಕೊನೆಯಲ್ಲಿ ಸಂಕೋಚದಿಂದ ಸೇರಿಸಿದ್ದೀರಿ. ಆ ಸಂಕೋಚದ ಅಗತ್ಯವಿರಲಿಲ್ಲ. ತುರಿಕೆಯೊಂದೇ ಮರ್ಯಾದಸ್ಥ ಕಾರಣ, ಆಸೆ ಅಲ್ಲ ಎಂದು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಆಸೆಯನ್ನು ಕಾಯಿಲೆಯ ಸೆರಗಿನಲ್ಲಿ ಮುಚ್ಚಿಕೊಂಡು ಆಸ್ಪತ್ರೆಗೆ ಬರುವುದು ತೀರ ಸಾಮಾನ್ಯ. ಇದರಿಂದ ವೈದ್ಯರಿಗೂ ಅರ್ಧ ಮಾತಷ್ಟೇ ತಿಳಿಯುತ್ತದೆ. ಯಜಮಾನರ ಪ್ರಶ್ನೆಗೆ ಉತ್ತರ, ತೋರಿಸಲಿಕ್ಕೆ ಯಾರೂ ಬೇಕಾಗಿಲ್ಲ ಎಂಬುದು. ಅವರನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ ವೈದ್ಯರೆದುರು ಕೂರಿಸಿ. ಅವರ ವಿರೋಧದ ಒಳಗೆ ಆಪರೇಷನ್ನಿನ ಭಯ ಇರಬಹುದು, ಅದು ನ್ಯಾಯವಾದ ಭಯ.

ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಐನೂರಕ್ಕೂ ಹೆಚ್ಚು ಜನರನ್ನು, ಬಯಸಿಯೂ ಮಾಡಿಸಿಕೊಳ್ಳದವರೊಂದಿಗೆ ಹೋಲಿಸಿದ್ದರು. ತನ್ನ ಎಲ್ಲ ಸಮಸ್ಯೆಗಳೂ ಕಳೆಯುತ್ತವೆ, ತಾನು ಹೊಸ ಮನುಷ್ಯನಾಗುತ್ತೇನೆ ಎಂಬಂಥ ನಿರೀಕ್ಷೆ ಇದ್ದವರು ಸುಮಾರು ಎಂಟರಲ್ಲಿ ಒಬ್ಬರು ಮಾತ್ರ. ಉಳಿದವರ ಬಯಕೆಗಳು ನಿಮ್ಮದರಂತೆ ಇಂತಿಷ್ಟೆಂದು ಹೇಳಬಹುದಾದವು. ಒಂದು ವರ್ಷದ ನಂತರ, ಮಾಡಿಸಿಕೊಂಡವರು ತಮ್ಮ ದೇಹದ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು.

ಈಗ ಚಿಕಿತ್ಸೆಯ ಮಾತು. ಕೊಬ್ಬು ಹೀರುವುದರಿಂದ, ಅಂದರೆ ಲೈಪೊಸಕ್ಷನ್‌ನಿಂದ, ನಿಮ್ಮ ತೊಂದರೆ ಪರಿಹಾರವಾಗುವುದಿಲ್ಲ. ಒಳಗಿನದು ಖಾಲಿಯಾಗಿ ಚರ್ಮ ಇನ್ನೂ ಜೋಲುತ್ತದೆ. ಅದು ತೂಕ ಇಳಿಸುವ ಉಪಾಯವೂ ಅಲ್ಲ. ನಿಮಗೆ ಬೇಕಾದದ್ದು ಟಮ್ಮಿ ಟಕ್. ಹೆಚ್ಚುವರಿ ಚರ್ಮವನ್ನು ಕತ್ತರಿಸಿ ತೆಗೆದು, ಗರ್ಭಧಾರಣೆಯಲ್ಲಿ ಅತ್ತಿತ್ತ ಸರಿದ ಹೊಟ್ಟೆಯ ಸ್ನಾಯುಗಳನ್ನು ಮಧ್ಯಕ್ಕೆ ಎಳೆದು ಹೊಲಿಯುತ್ತಾರೆ. ಒಂದು ಸೊಂಟದಿಂದ ಇನ್ನೊಂದು ಸೊಂಟದ ತನಕ ಕಲೆ ಉಳಿಯುತ್ತದೆ. ಸೀರೆಯ ನೆರಿಗೆಯ ಕೆಳಗೆ ಅದು ಮರೆಯಾಗುತ್ತದೆ, ಆದರೆ ಅಳಿಯುವುದಿಲ್ಲ. ಮೊದಲ ದಿನಗಳಲ್ಲಿ ಬೆನ್ನು ಬಾಗಿಸಿಯೇ ನಡೆಯಬೇಕು. ಸುಮಾರು ಆರು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವಂತಿಲ್ಲ. ಬೇಸಿಗೆ ರಜೆಯ ಆರಂಭವನ್ನೇ ಆರಿಸಿಕೊಳ್ಳಿ, ಮಳೆ ಹಿಡಿಯುವ ಹೊತ್ತಿಗೆ ಗಾಯ ಮಾಗಿರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ಬರಬೇಕು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗುವುದು ಇಲ್ಲಿಯ ದೊಡ್ಡ ಅಪಾಯ, ಹಾಗಾಗಿ ಮರುದಿನದಿಂದಲೇ ಎಬ್ಬಿಸಿ ನಡೆಸುತ್ತಾರೆ.

ಸ್ಥಳದ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅರಿವಳಿಕೆ ತಜ್ಞರು ಯಾರು, ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ, ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ರಾಜ್ಯದ ಕೆ.ಪಿ.ಎಂ.ಇ. ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ. ಜಿಲ್ಲೆಯ ಹೊರಗೆ ಮಣಿಪಾಲ, ಹುಬ್ಬಳ್ಳಿ, ಗೋವಾದ ಬಾಂಬೋಳಿ ಇವೆ. ಹೊಲಿಗೆ ಬಿಚ್ಚಿದ ಮೇಲೂ ಕೆಲವು ಸಲ ತೋರಿಸಲು ಹೋಗಬೇಕಾದ್ದರಿಂದ ನಿಮಗೆ ಓಡಾಟಕ್ಕೆ ಸುಲಭವಾದದ್ದನ್ನು ಆರಿಸಿ. ಆರೋಗ್ಯ ವಿಮೆ ಸಾಮಾನ್ಯವಾಗಿ ಇದಕ್ಕೆ ಹಣ ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆಯಾದರೆ ಮಾತು ಬೇರೆ.

ಪ್ರಶ್ನೆ: ಬಡಗುತಿಟ್ಟಿನ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತೇನೆ. ಈಗ 46. ಹಣೆಯ ಗೆರೆ ಎದ್ದು ಕಾಣುತ್ತಿದೆ. ಬೊಟಾಕ್ಸ್ ಹಾಕಿಸಿಕೊಳ್ಳಬಹುದೇ?
— ಕಲಾವಿದ, ಹೊನ್ನಾವರ

ಉತ್ತರ: ವೃತ್ತಿಗಾಗಿ ಮುಖ ಕಾಪಾಡಿಕೊಳ್ಳುವುದು ಒಳ್ಳೆಯ ಕಾರಣವೇ. ಆದರೆ ಈ ಚುಚ್ಚುಮದ್ದು ಗೆರೆಯನ್ನು ಅಳಿಸುವುದು ಹಣೆಯ ಸ್ನಾಯುವನ್ನು ತಾತ್ಕಾಲಿಕವಾಗಿ ಸಡಿಲಗೊಳಿಸಿ. ಹುಬ್ಬು ಏರಿಸುವುದೂ ಅದೇ ಸ್ನಾಯು. ಶೃಂಗಾರಕ್ಕೂ ಕೋಪಕ್ಕೂ ಹುಬ್ಬು ಏಳದ ದಾಕ್ಷಾಯಿಣಿಯನ್ನು ಯಾರು ನೋಡುತ್ತಾರೆ? ಗೆರೆಯನ್ನು ಬಣ್ಣ ಮುಚ್ಚುತ್ತದೆ. ಕುತೂಹಲ ತಡೆಯಲಾರದಿದ್ದರೆ ಆಟಗಳು ನಿಂತ ಕೂಡಲೇ, ಕಡಿಮೆ ಪ್ರಮಾಣದಲ್ಲಿ ಹಾಕಿಸಿ ನೋಡಿ. ಪರಿಣಾಮ ಮೂರು ನಾಲ್ಕು ತಿಂಗಳಲ್ಲಿ ಇಳಿಯುವುದರಿಂದ ತಿರುಗಾಟ ಶುರುವಾಗುವಷ್ಟರಲ್ಲಿ ಹುಬ್ಬು ನಿಮ್ಮ ವಶಕ್ಕೆ ಬಂದಿರುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ 16 ವರ್ಷ. ಎದೆ ಹುಡುಗಿಯರಂತೆ ಉಬ್ಬಿದೆ. ಶಾಲೆಯಲ್ಲಿ ಹಾಸ್ಯ ಮಾಡುತ್ತಾರೆ. ಗೋಕರ್ಣಕ್ಕೆ ಹೋದಾಗ ಅಂಗಿ ತೆಗೆಯಬೇಕಾಗುತ್ತದೆಂದು ದೇವಸ್ಥಾನದ ಒಳಗೇ ಬರಲಿಲ್ಲ. ಊಟದ ಪಂಕ್ತಿಯಲ್ಲೂ ಶಾಲು ಹೊದ್ದು ಕೂರುತ್ತಾನೆ. ಅಪ್ಪ, ದೊಡ್ಡವನಾದ ಮೇಲೆ ತಾನಾಗಿ ಹೋಗುತ್ತದೆ ಎನ್ನುತ್ತಾರೆ.
— ಅಕ್ಕ, ಸಿದ್ದಾಪುರ

ಉತ್ತರ: ಅಪ್ಪನ ಮಾತು ಬಹುಮಟ್ಟಿಗೆ ಸರಿ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಅರ್ಧದಷ್ಟು ಜನರಿಗೆ ಹಾರ್ಮೋನುಗಳ ಏರುಪೇರಿನಿಂದ ಮೊಲೆತೊಟ್ಟಿನ ಹಿಂದೆ ಗಂಟು ಬೆಳೆಯುತ್ತದೆ, ಹೆಚ್ಚಿನವರಿಗೆ ಒಂದೆರಡು ವರ್ಷಗಳಲ್ಲಿ ಕರಗಿಹೋಗುತ್ತದೆ. ಹೆಸರು ಗೈನಕೊಮಾಸ್ಟಿಯ. ಯಾವಾಗ ಶುರುವಾಯಿತು ಎಂದು ನೀವು ಬರೆದಿಲ್ಲ. ಎರಡು ವರ್ಷ ದಾಟಿದ್ದರೆ ತಾನಾಗಿ ಹೋಗುವ ಸಂಭವ ಕಡಿಮೆ. ಮೊದಲು ವೈದ್ಯರು ಅದು ಬರೀ ಕೊಬ್ಬೋ ಗ್ರಂಥಿಯೋ ಎಂದು ಮುಟ್ಟಿ ನೋಡಬೇಕು, ವೃಷಣಗಳನ್ನು ಪರೀಕ್ಷಿಸಬೇಕು, ಜಿಮ್ಮಿನಲ್ಲಿ ಯಾರಾದರೂ ಪುಡಿ ಅಥವಾ ಸ್ಟೀರಾಯ್ಡ್ ಕೊಟ್ಟಿದ್ದಾರೆಯೇ ಎಂದು ವಿಚಾರಿಸಬೇಕು. ಕೊಬ್ಬಾದರೆ ತೂಕ ಇಳಿಸುವುದೇ ಮದ್ದು. ಗ್ರಂಥಿಯಾದರೆ ತೊಟ್ಟಿನ ಕಪ್ಪು ಅಂಚಿನಲ್ಲಿ ಚಿಕ್ಕದಾಗಿ ಕೊಯ್ದು ತೆಗೆಯಬಹುದು.

ಕಾಯಬಹುದು ಎಂಬುದಕ್ಕೆ ಗಮನ ಕೊಡಬೇಕಾಗಿಲ್ಲ ಎಂದು ಅರ್ಥವಲ್ಲ. ಬರ್ಲಿನ್ನಿನ ಜಾಕ್ ಜೋಸೆಫ್ 1896ರಲ್ಲಿ, ಅಗಲ ಕಿವಿಗಳಿಗಾಗಿ ಶಾಲೆಯಲ್ಲಿ ಗೇಲಿಗೊಳಗಾಗುತ್ತಿದ್ದ ಹುಡುಗನೊಬ್ಬನಿಗೆ ಆಪರೇಷನ್ ಮಾಡಿದರು. ಕಾಯಿಲೆಯೇ ಇಲ್ಲದವನಿಗೆ ಕತ್ತಿ ಹಾಕಿದ್ದಕ್ಕೆ ಆಸ್ಪತ್ರೆಯವರು ಅವರನ್ನು ಕೆಲಸದಿಂದ ತೆಗೆದರು. ಮಗುವಿನ ಅವಮಾನವೂ ಚಿಕಿತ್ಸೆಗೆ ಕಾರಣವಾಗಬಲ್ಲದು ಎಂಬ ಅವರ ವಾದವನ್ನು ವೈದ್ಯಲೋಕ ಒಪ್ಪಲು ಬಹಳ ಕಾಲ ಹಿಡಿಯಿತು. ಪಂಕ್ತಿಯಲ್ಲಿ ಶಾಲು ಹೊದ್ದು ಕೂರುವ ಹುಡುಗ ತನಗೇನು ಬೇಕೆಂದು ಸಾಕಷ್ಟು ಸ್ಪಷ್ಟವಾಗಿಯೇ ಹೇಳುತ್ತಿದ್ದಾನೆ. ಈಗಲೇ ತಜ್ಞರಿಗೆ ತೋರಿಸಿ, ಆಪರೇಷನ್ ಬೇಕಾದಲ್ಲಿ ಅಪ್ಪ-ಅಮ್ಮನ ಸಹಿಯೂ ಅಗತ್ಯ. ಗೇಲಿಯ ವಿಷಯವನ್ನು ಮಾತ್ರ ಕಾಯದೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ವಾರವೇ ತಿಳಿಸಿ.

ಪ್ರಶ್ನೆ: ಭಾರದ ಜುಮಕಿ ಹಾಕಿ ಹಾಕಿ ನನ್ನ ಕಿವಿಯ ತೂತು ಹರಿದು ಎರಡು ಸೀಳಾಗಿದೆ. ಮೊಮ್ಮಗಳ ಮದುವೆಗೆ ಓಲೆ ಹಾಕಬೇಕೆಂದಿದೆ. 67 ವರ್ಷಕ್ಕೆ ಪ್ಲಾಸ್ಟಿಕ್ ಸರ್ಜರಿ ಎಂದರೆ ಜನ ನಗುವುದಿಲ್ಲವೇ?
— ಅಜ್ಜಿ, ಭಟ್ಕಳ

ಉತ್ತರ: ನಗುವವರು ನಗಲಿ ಅಜ್ಜಿ. ಕಿವಿಯಷ್ಟಕ್ಕೇ ಮರಗಟ್ಟಿಸಿ, ಸೀಳಿನ ಅಂಚನ್ನು ಹಸಿ ಮಾಡಿ ಹೊಲಿಯುವ ಅರ್ಧ ಗಂಟೆಯ ಕೆಲಸ. ಅದೇ ದಿನ ಮನೆಗೆ ಹೋಗಬಹುದು, ವಾರದ ನಂತರ ಹೊಲಿಗೆ ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ತಿನ್ನುತ್ತಿದ್ದರೆ, ಹಿಂದೆ ಯಾವುದಾದರೂ ಗಾಯದ ಕಲೆ ಗಂಟುಗಂಟಾಗಿ ಬೆಳೆದಿದ್ದರೆ ಮೊದಲೇ ಹೇಳಿ. ಹೊಸ ತೂತನ್ನು ಎರಡು ಮೂರು ತಿಂಗಳು ಬಿಟ್ಟು, ಹೊಲಿದ ಗೆರೆಯ ಮೇಲಲ್ಲದೆ ಪಕ್ಕದಲ್ಲಿ ಚುಚ್ಚಿಸಬೇಕು. ಮದುವೆಯ ದಿನಕ್ಕೆ ನಾಲ್ಕು ತಿಂಗಳಾದರೂ ಇದ್ದರೆ ಈಗಲೇ ಹೊರಡಿ. ಹಳೆಯ ಜುಮಕಿ ಬೇಡ, ಹಗುರದ ಓಲೆ ಮಾಡಿಸಿ.